ಮಕ್ಕಳು ಆರಿಸಿದ ಹೂವು

ಕೇರಳದ ರಾಜ್ಯಪುಷ್ಪ ಯಾವುದು ಎಂದು ನಮ್ಮ ಶಾಲೆಗಳಲ್ಲಿ ಕೇಳಿದರೆ ಸಣ್ಣ ತರಗತಿಯ ಮಗುವೂ ‘ಕಣಿಕೊನ್ನೆ’ ಎನ್ನುತ್ತದೆ. ಕರ್ನಾಟಕದ್ದು ಕೇಳಿದರೆ ‘ತಾವರೆ’ ಎನ್ನುತ್ತದೆ. ಗಡಿನಾಡಿನ ಮಕ್ಕಳಿಗೆ ಎರಡೂ ಬಾಯಿಪಾಠ! ಆದರೆ ಶಾಲೆಯ ಮಕ್ಕಳೇ ಮತ ಹಾಕಿ ಆರಿಸಿದ ರಾಜ್ಯಪುಷ್ಪವೂ ಒಂದಿದೆ ಎಂದರೆ ಅವರ ಕಿವಿ ನೆಟ್ಟಗಾಗುತ್ತದೆ. ಅದು ಅಮೆರಿಕದ ಕೊಲರಾಡೊ ರಾಜ್ಯದ ಹೂವು. ಹೆಸರು ಕೊಲಂಬೈನ್. ಸಸ್ಯಶಾಸ್ತ್ರದಲ್ಲಿ ಅಕ್ವಿಲೀಜಿಯ.

ಈ ಹೂವನ್ನು ನಮ್ಮಲ್ಲಿ ಹೆಚ್ಚಿನವರು ಕಂಡಿರಲಾರರು. ಆದರೆ ಗೌರಿಹೂವು, ಅಂದರೆ ಕರ್ಣಕುಂಡಲ, ಎಲ್ಲರಿಗೂ ಗೊತ್ತು. ಅದರ ಹಿಂಬದಿಯಲ್ಲಿ ಬಾಗಿದ ಒಂದು ಸಣ್ಣ ಕೊಂಬು ಇರುತ್ತದಷ್ಟೆ? ಅಕ್ವಿಲೀಜಿಯದ ಹೂವಿನಲ್ಲಿ ಅಂಥ ಕೊಂಬುಗಳು ಐದು. ಅದರ ಐದು ಎಸಳುಗಳೂ ಹಿಂದಕ್ಕೆ ಕೊಳವೆಯಂತೆ ಚಾಚಿಕೊಂಡಿರುತ್ತವೆ. ಕೊಳವೆಯ ತುದಿಯಲ್ಲಿ ಮಕರಂದ.

ಆ ಕೊಂಬುಗಳು ಹದ್ದಿನ ಉಗುರಿನಂತೆ ಕಂಡದ್ದರಿಂದ ಲ್ಯಾಟಿನಿನ ‘ಅಕ್ವಿಲ’, ಅಂದರೆ ಹದ್ದು, ಎಂಬ ಪದದಿಂದ ಒಂದು ಹೆಸರು ಬಂತೆಂದು ಹೇಳುತ್ತಾರೆ. ಹೂವನ್ನು ತಲೆಕೆಳಗಾಗಿ ಹಿಡಿದರೆ ಐದು ಪಾರಿವಾಳಗಳು ತಲೆ ಸೇರಿಸಿ ಕುಳಿತಂತೆ ಕಾಣುತ್ತದೆ. ಪಾರಿವಾಳಕ್ಕೆ ಲ್ಯಾಟಿನಿನಲ್ಲಿ ‘ಕೊಲಂಬ’, ಅದರಿಂದ ಕೊಲಂಬೈನ್. ಒಂದೇ ಹೂವಿಗೆ ಬೇಟೆಯ ಹಕ್ಕಿಯ ಹೆಸರೂ ಇದೆ, ಶಾಂತಿಯ ಹಕ್ಕಿಯ ಹೆಸರೂ ಇದೆ ನೋಡಿ!

ಯುರೋಪಿನವರಿಗೆ ಇದು ಹಳೆಯ ಪರಿಚಯ. ಸುಮಾರು 1475ರಲ್ಲಿ ಹ್ಯೂಗೊ ವಾನ್ ಡೆರ್ ಗೋಸ್ ಎಂಬ ಚಿತ್ರಕಾರ ಬರೆದ ಪೋರ್ಟಿನಾರಿ ಚಿತ್ರದಲ್ಲಿ ಬಾಲಯೇಸುವಿನ ಮುಂದೆ ಒಂದು ಗಾಜಿನ ಲೋಟವಿದೆ, ಅದರಲ್ಲಿ ಕೊಲಂಬೈನ್ ಹೂಗಳಿವೆ. ಅವು ತಾಯಿ ಮೇರಿಯ ದುಃಖದ ಗುರುತು. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದಲ್ಲಿ ಒಫೀಲಿಯ ಹಂಚುವ ಹೂಗಳಲ್ಲಿಯೂ ಇದು ಬರುತ್ತದೆ. 1753ರಲ್ಲಿ ಲಿನೇಯಸ್ ಯುರೋಪಿನ ಸಾಮಾನ್ಯ ಜಾತಿಗೆ ಅಕ್ವಿಲೀಜಿಯ ವಲ್ಗ್ಯಾರಿಸ್ ಎಂಬ ಹೆಸರನ್ನು ದಾಖಲಿಸಿದ.

ಆದರೆ ಇದು ಯುರೋಪಿನ ಸೊತ್ತು ಮಾತ್ರ ಅಲ್ಲ. ಭೂಮಿಯ ಉತ್ತರಾರ್ಧದ ತಂಪು ನಾಡುಗಳಲ್ಲೆಲ್ಲ ಇದರ ಬಳಗವಿದೆ. ನಮ್ಮ ಹಿಮಾಲಯದಲ್ಲಿಯೂ ಇದೆ. ಕಾಶ್ಮೀರದ ಕಡೆ ಬೆಳೆಯುವ ಒಂದು ಜಾತಿಗೆ ಪರಿಮಳವಿರುವುದರಿಂದ ಅಕ್ವಿಲೀಜಿಯ ಫ್ರಾಗ್ರನ್ಸ್ ಎಂದೇ ಹೆಸರು.

ಕೊಲರಾಡೊದ ನೀಲಿ ಬಿಳಿ ಹೂವು ಪುಸ್ತಕಕ್ಕೆ ಸೇರಿದ್ದು ತಡವಾಗಿ. 1820ರಲ್ಲಿ ಸ್ಟೀಫನ್ ಲಾಂಗ್ ಎಂಬ ಸೇನಾಧಿಕಾರಿಯ ತಂಡ ರಾಕಿ ಪರ್ವತಗಳ ಕಡೆಗೆ ಹೋಯಿತು. ತಂಡದಲ್ಲಿದ್ದ ಎಡ್ವಿನ್ ಜೇಮ್ಸ್ ವೈದ್ಯನೂ ಹೌದು, ಸಸ್ಯ ಬಲ್ಲವನೂ ಹೌದು. ಅವನು ಇದನ್ನು ಕಂಡು ವಿವರಿಸಿ ಅಕ್ವಿಲೀಜಿಯ ಸೆರೂಲಿಯ ಎಂದು ಹೆಸರಿಟ್ಟ. ಅಲ್ಲಿನ ಮೂಲನಿವಾಸಿಗಳಿಗೆ ಅದು ಮೊದಲೇ ಗೊತ್ತಿತ್ತು ಎಂಬುದನ್ನು ನಾವು ಮರೆಯಬಾರದು.

1891ರಲ್ಲಿ ಮರ ನೆಡುವ ಹಬ್ಬದ ದಿನ ಕೊಲರಾಡೊದ ಶಾಲಾ ಮಕ್ಕಳು ತಮ್ಮ ರಾಜ್ಯಕ್ಕೆ ಯಾವ ಹೂವು ಬೇಕೆಂದು ಮತ ಹಾಕಿದರು. ಗೆದ್ದದ್ದು ಕೊಲಂಬೈನ್. ಆದರೂ ಶಾಸನಸಭೆ ಅದಕ್ಕೆ ಮುದ್ರೆ ಒತ್ತಿದ್ದು 1899ರಲ್ಲಿ. ಮಕ್ಕಳ ಮಾತು ದೊಡ್ಡವರ ಕಿವಿ ತಲುಪಲು ಎಂಟು ವರ್ಷ ಹಿಡಿಯಿತು!

ಹೂವಿನ ಮೇಲೆ ಪ್ರೀತಿ ಇದ್ದರೆ ಸಾಲದು, ಮಿತಿಯೂ ಬೇಕು. ಜನ ಗುಡ್ಡಕ್ಕೆ ಹೋಗಿ ಹೊರೆಗಟ್ಟಲೆ ಕಿತ್ತು ತರುವಂತಾಯಿತು. ಕೊನೆಗೆ 1925ರಲ್ಲಿ ಕಾನೂನೇ ಬಂತು: ಸಾರ್ವಜನಿಕ ಜಾಗದಲ್ಲಿ ಗಿಡವನ್ನು ಬೇರುಸಹಿತ ಕೀಳುವಂತಿಲ್ಲ, ಒಬ್ಬರು ಒಂದು ದಿನಕ್ಕೆ 25ಕ್ಕಿಂತ ಹೆಚ್ಚು ಹೂಮೊಗ್ಗು ಕೊಯ್ಯುವಂತಿಲ್ಲ. ಓಣಂ ಪೂಕ್ಕಳಕ್ಕೆ ತುಂಬೆ ಹೂವು ಹುಡುಕಿ ಗುಡ್ಡ ಅಲೆಯುವ ನಮ್ಮ ಮಕ್ಕಳಿಗೆ ಈ ಸಂಗತಿಯನ್ನು ಹೇಳಲೇಬೇಕು.

ಅದೇ ಹೂವಿನ ಹೆಸರು ಹೊತ್ತ ಒಂದು ಶಾಲೆಯೂ ಕೊಲರಾಡೊದಲ್ಲಿದೆ. 1999ರ ಏಪ್ರಿಲ್ 20ರಂದು ಅಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿದರು. ಆ ದಿನ 12 ಮಂದಿ ಮಕ್ಕಳೂ ಒಬ್ಬ ಅಧ್ಯಾಪಕರೂ ಬಲಿಯಾದರು. ಅಂದಿನಿಂದ ಜಗತ್ತಿಗೆ ಕೊಲಂಬೈನ್ ಎಂದರೆ ಮೊದಲು ನೆನಪಾಗುವುದು ಹೂವಲ್ಲ. ಪಾರಿವಾಳದ ಹೆಸರಿಗೆ ಬಂದ ಈ ಗತಿ ಅಧ್ಯಾಪಕರಾದ ನಮ್ಮನ್ನು ಕಾಡಬೇಕು. ಮಕ್ಕಳು ಆರಿಸಿದ ಹೂವಿನ ಕತೆಯನ್ನು ಮತ್ತೆ ಮತ್ತೆ ಹೇಳುವುದು ಆ ಹೆಸರಿಗೆ ನಾವು ಮಾಡಬಹುದಾದ ಸಣ್ಣ ಉಪಕಾರ.

ಇನ್ನು ಮನೆಯಂಗಳದ ಮಾತು. ಈ ಗಿಡಗಳು ಒಂದು ಜಾತಿಯೊಡನೆ ಇನ್ನೊಂದು ಸುಲಭವಾಗಿ ಬೆರೆಯುತ್ತವೆ. ಹೀಗಾಗಿ ತೋಟಗಾರರು ಉದ್ದ ಕೊಂಬಿನ ಅಮೆರಿಕದ ಜಾತಿಗಳನ್ನು ಬೆರೆಸಿ ಹೊಸ ಬಣ್ಣಗಳನ್ನು ತಂದರು. ಕೊಂಬೇ ಇಲ್ಲದೆ ಎಸಳುಗಳು ಒತ್ತಾಗಿರುವ ತಳಿಯೂ ಇದೆ. ಅದರ ಹೆಸರು ನೋರಾ ಬಾರ್ಲೋ. ಈಕೆ ಚಾರ್ಲ್ಸ್ ಡಾರ್ವಿನನ ಮೊಮ್ಮಗಳು. ಮನೆಯವರು ಕತ್ತರಿಸಿದ್ದ ಭಾಗಗಳನ್ನು ಮರಳಿ ಸೇರಿಸಿ ಅಜ್ಜನ ಆತ್ಮಕಥೆಯನ್ನು 1958ರಲ್ಲಿ ಪ್ರಕಟಿಸಿದವರು. ಡಾರ್ವಿನನ ವಿಚಾರಕ್ಕೆ ಈ ಹೂವೂ ಸಾಕ್ಷಿ ನುಡಿದಿದೆ. ದುಂಬಿಯಿಂದ ಝೇಂಕಾರದ ಹಕ್ಕಿಗೆ, ಹಕ್ಕಿಯಿಂದ ಉದ್ದ ನಾಲಿಗೆಯ ಪತಂಗಕ್ಕೆ ಮಕರಂದದ ಅತಿಥಿ ಬದಲಾದಂತೆ ಕೊಂಬು ಉದ್ದವಾಗುತ್ತ ಬಂತೆಂದು 2007ರಲ್ಲಿ ವಿಟ್ಟಾಲ್ ಮತ್ತು ಹಾಡ್ಜಸ್ ಎಂಬ ವಿಜ್ಞಾನಿಗಳು ತೋರಿಸಿದರು.

ತಂಪು ಊರಿನಲ್ಲಿ ಬೆಳೆಸುವುದು ಕಷ್ಟವಲ್ಲ. ನೀರು ನಿಲ್ಲದ ಮಣ್ಣು, ಅರೆನೆರಳು ಸಾಕು. ಹೊಸ ಬೀಜವನ್ನು ಮಣ್ಣಿನ ಮೇಲೆ ಉದುರಿಸಬೇಕು, ಆಳಕ್ಕೆ ಹೂಳಬಾರದು. ಬೇರು ನೇರವಾಗಿ ಕೆಳಗಿಳಿಯುವುದರಿಂದ ದೊಡ್ಡ ಗಿಡವನ್ನು ಕಿತ್ತು ನೆಟ್ಟರೆ ಸೊರಗುತ್ತದೆ. ಗಿಡದ ಆಯುಸ್ಸು ಕೆಲವೇ ವರ್ಷ; ಆದರೆ ತಾನೇ ಬೀಜ ಉದುರಿಸಿ ಮಕ್ಕಳನ್ನು ಬಿಟ್ಟುಹೋಗುತ್ತದೆ. ಮಕ್ಕಳು ಮಾತ್ರ ತಾಯಿಯ ಬಣ್ಣದವೇ ಆಗಿರಬೇಕೆಂದಿಲ್ಲ. ಬೀಜದಲ್ಲಿಯೂ ಬೇರಿನಲ್ಲಿಯೂ ವಿಷವಿದೆ, ಎಚ್ಚರಿಕೆ!

ಕರಾವಳಿಯ ಸೆಕೆಗೆ ಈ ಗಿಡ ಒಗ್ಗುವುದಿಲ್ಲ. ಬೇಸರ ಬೇಡ. ಮಳೆಗಾಲದಲ್ಲಿ ಗೌರಿಹೂವಿನ ಬೀಜ ಹಾಕಿ, ಮಕ್ಕಳಿಂದ ಅದರ ಕೊಂಬನ್ನು ಅಳೆಸಿ, ಯಾವ ಕೀಟ ಬರುತ್ತದೆಂದು ಬರೆಯಿಸಿ. ಹಾಗೆಯೇ ಒಂದು ಡಬ್ಬಿ, ಒಂದಷ್ಟು ಚೀಟಿ ಇಟ್ಟು ನಮ್ಮ ಶಾಲೆಯ ಹೂವು ಯಾವುದಾಗಬೇಕೆಂದು ಮತ ಹಾಕಿಸಿ. ಕೇಪಳವೋ, ತುಂಬೆಯೋ, ಗೌರಿಹೂವೋ, ಗೆದ್ದ ಹೂವಿಗೆ ಅಂಗಳದಲ್ಲಿ ಜಾಗ ಕೊಡೋಣ. ಅದಕ್ಕೆ ಎಂಟು ವರ್ಷ ಕಾಯಿಸುವುದು ಬೇಡ.