ಪ್ರಯೋಗಾಲಯದ ಪ್ರಾಣಿಗಳ ಶ್ವಾಸಕೋಶದ ಎಕ್ಸ್-ರೇ ಚಿತ್ರಣ: ಇತಿಹಾಸ

ಜೀವಂತ ಪ್ರಾಣಿ ಉಸಿರಾಡುತ್ತಿರುವಾಗಲೇ ಅದರ ಶ್ವಾಸಕೋಶವನ್ನು ಎಕ್ಸ್-ಕಿರಣಗಳಿಂದ ದಾಖಲಿಸುವ ವಿಧಾನ. 1895ರಲ್ಲಿ ರಂಟ್‌ಗನ್ ಈ ಕಿರಣಗಳನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ವೈದ್ಯರು ರೋಗಿಗಳ ವಪೆಯ ಏರಿಳಿತವನ್ನು ತೆರೆಯ ಮೇಲೆ ನೋಡತೊಡಗಿದ್ದರು. ಗಾಳಿ ತುಂಬಿದ ಶ್ವಾಸಕೋಶ ಕಿರಣಗಳನ್ನು ಹೀರುವುದು ತೀರ ಕಡಿಮೆ. ಹಾಗಾಗಿ ಇಲಿ, ಮೊಲಗಳ ಎದೆಯಲ್ಲಿ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು, ಶ್ವಾಸಕೋಶದ ಒಳವಿವರ ಕಾಣುತ್ತಿರಲಿಲ್ಲ.

1990ರ ದಶಕದ ನಡುವೆ ಬಂದ ಫೇಸ್ ಕಾಂಟ್ರಾಸ್ಟ್ ತಂತ್ರ ಈ ಕೊರತೆಯನ್ನು ನೀಗಿಸಿತು. ಇದು ಕಿರಣ ಎಷ್ಟು ಹೀರಲ್ಪಟ್ಟಿತು ಎಂಬುದಕ್ಕಿಂತ ಎಷ್ಟು ಬಾಗಿತು ಎಂಬುದನ್ನು ಆಧರಿಸಿದೆ. ವಾಯುಕೋಶಗಳು ಒಂದರ ಹಿಂದೊಂದು ಸಣ್ಣ ಮಸೂರಗಳಂತೆ ಕಿರಣವನ್ನು ಬಾಗಿಸುವುದರಿಂದ ಗಾಳಿ ಇರುವ ಭಾಗ ಚುಕ್ಕೆಚುಕ್ಕೆಯಾಗಿ ಮೂಡುತ್ತದೆ. ಆ ಚುಕ್ಕೆಗಳ ಮೂಲವನ್ನು ಆಸ್ಟ್ರೇಲಿಯಾದ ಮಾರ್ಕಸ್ ಕಿಚನ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ವಿವರಿಸಿದರು. ಅದಕ್ಕೂ ಮುಂಚೆ, 2001ರಲ್ಲಿ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ, ತೀವ್ರ ಎಕ್ಸ್-ಕಿರಣ ಹೊಮ್ಮಿಸುವ ಯಂತ್ರವಾದ ಸಿಂಕ್ರೊಟ್ರಾನ್‌ನಲ್ಲಿ ಮೊಲಗಳಿಗೆ ಕ್ಸೆನಾನ್ ಅನಿಲ ಉಸಿರಾಡಿಸಿ ಗಾಳಿಯ ಹಂಚಿಕೆಯನ್ನು ಅಳೆದಿದ್ದರು.

ಹೆಚ್ಚು ಗೊಂದಲವಿರುವುದು ಜನನದ ಹೊತ್ತಿನ ಉಸಿರಿನ ವಿಷಯದಲ್ಲಿ. ಗರ್ಭದಲ್ಲಿ ಶ್ವಾಸಕೋಶದ ತುಂಬ ದ್ರವವಿರುತ್ತದೆ. ಜೀವಕೋಶಗಳು ಸೋಡಿಯಂ ಹೀರಿಕೊಂಡಾಗ ಅದರ ಜೊತೆಗೇ ಈ ದ್ರವವೂ ಹೋಗುತ್ತದೆಂಬುದು ಹಳೆಯ ವಿವರಣೆ. ಜೀವಕೋಶದೊಳಕ್ಕೆ ಸೋಡಿಯಂ ಬಿಡುವ ನಾಳದ ಒಂದು ಘಟಕವಿಲ್ಲದ ಇಲಿಮರಿಗಳು ಹುಟ್ಟಿದ 40 ಗಂಟೆಗಳೊಳಗೆ ಸತ್ತ 1996ರ ಪ್ರಯೋಗ ಇದಕ್ಕೆ ಬಲ ಕೊಟ್ಟಿತ್ತು. 2007ರಲ್ಲಿ ಸ್ಟುವರ್ಟ್ ಹೂಪರ್ ತಂಡ ಜಪಾನಿನ ಸ್ಪ್ರಿಂಗ್-8 ಸಿಂಕ್ರೊಟ್ರಾನ್‌ನಲ್ಲಿ ಫೇಸ್ ಕಾಂಟ್ರಾಸ್ಟ್ ತಂತ್ರದಿಂದ ಮೊಲದ ಮರಿಗಳ ಮೊದಲ ಉಸಿರುಗಳನ್ನೇ ಚಿತ್ರೀಕರಿಸಿತು. ತಲೆ ಮಾತ್ರ ಹೊರಗಿರುವಂತೆ ಮರಿಯನ್ನು ನೀರು ತುಂಬಿದ ಕೋಶದಲ್ಲಿ ನೆಟ್ಟಗೆ ಇರಿಸಿದ್ದರು. ಗಾಳಿ–ದ್ರವದ ಗಡಿ ಮರಿ ಉಸಿರೆಳೆದಾಗಲೆಲ್ಲ ಒಳಕ್ಕೆ ಸರಿಯಿತು, ಎರಡು ಉಸಿರುಗಳ ನಡುವೆ ಹೆಚ್ಚುಕಡಿಮೆ ಅಲ್ಲಿಯೇ ನಿಂತಿತು. ದ್ರವವನ್ನು ಮುಖ್ಯವಾಗಿ ಹೊರದೂಡುವುದು ಉಸಿರೆಳೆತದ ಒತ್ತಡ ಎಂದಾಯಿತು. ಇದರಿಂದ ಸೋಡಿಯಂ ವಾದವೇ ಬಿದ್ದುಹೋಯಿತೆಂದು ಹೇಳುವುದು ಸರಿಯಲ್ಲ. ಮೊಲದ ಚಿತ್ರಗಳು ಮೊದಲ ನಿಮಿಷಗಳನ್ನು ತೋರಿಸುತ್ತವೆ, ಇಲಿಗಳ ಸಾವು ನಂತರದ ಗಂಟೆಗಳದ್ದು. ಎರಡೂ ಒಟ್ಟಿಗೆ ನಿಲ್ಲಬಲ್ಲವು.

2009ರಲ್ಲಿ ಇದೇ ವಿಧಾನದಿಂದ, ಅವಧಿಗೆ ಮುನ್ನ ಹೊರತೆಗೆದ ಮೊಲದ ಮರಿಗಳಲ್ಲಿ ಉಸಿರು ಬಿಟ್ಟ ನಂತರವೂ ವೆಂಟಿಲೇಟರ್ ಸ್ವಲ್ಪ ಒತ್ತಡ ಉಳಿಸಿಕೊಂಡರೆ ಗಾಳಿ ಒಳಗೇ ನಿಲ್ಲುತ್ತದೆಂದು ತಿಳಿಯಿತು. 2012ರಲ್ಲಿ ಸ್ಟೀಫನ್ ಡಬ್‌ಸ್ಕಿ ಮತ್ತಿತರರು ಇಲಿ ಶ್ವಾಸಕೋಶದ ಪ್ರತಿ ಭಾಗದ ಚಲನೆಯನ್ನು ಮೂರು ಆಯಾಮಗಳಲ್ಲಿ ಅಳೆದರು. ಮ್ಯೂನಿಕ್‌ನಲ್ಲಿ ಬೆಳೆದ ಡಾರ್ಕ್-ಫೀಲ್ಡ್ ವಿಧಾನ (ಕಿರಣ ಎಷ್ಟು ಚದುರಿತು ಎಂಬುದನ್ನು ಆಧರಿಸಿದ್ದು) 2013ರಲ್ಲಿ ಜೀವಂತ ಇಲಿಗಳನ್ನೂ 2021ರಲ್ಲಿ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶ ಕಾಯಿಲೆಯ ರೋಗಿಗಳನ್ನೂ ತಲುಪಿತು.

ಈ ಅಧ್ಯಯನಗಳನ್ನು ಓದುವವರು ಪ್ರಾಣಿ ತಾನಾಗಿ ಉಸಿರಾಡುತ್ತಿತ್ತೇ, ಅರಿವಳಿಕೆಯಲ್ಲಿ ಯಂತ್ರದಿಂದ ಉಸಿರಾಡುತ್ತಿತ್ತೇ ಎಂಬುದನ್ನು ಮೊದಲು ಗಮನಿಸಬೇಕು. ಎರಡರ ಫಲಿತಾಂಶಗಳನ್ನು ನೇರವಾಗಿ ಹೋಲಿಸಲಾಗದು.