ಗಿರಣಿಯ ಮೇಲಿನ ಮಹಡಿ

ನಮ್ಮೂರಿನ ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕೆಳಗೆ ರಾಗಿ ಬೀಸುವ ಸದ್ದು, ಮೇಲೆ ಹತ್ತು ಯಂತ್ರಗಳ ಟಕಟಕ. 1974ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮಕ್ಕ ಅಲ್ಲಿಗೆ ಸೇರಿದಳು. ಕಾಲೇಜಿಗೆ ಅಪ್ಪ ಒಪ್ಪಲಿಲ್ಲ. “ಟೈಪಿಂಗ್ ಬೇಕಾದ್ರೆ ಕಲೀಲಿ, ಮದುವೆ ಗೊತ್ತಾಗೋವರೆಗೆ ಹೊತ್ತು ಹೋಗುತ್ತೆ” ಎಂದರು. ನಮ್ಮಂಥ ಊರಿನ ಹುಡುಗಿಯರ ಪಾಲಿಗೆ ಕೆಲಸ ಕಲಿಸುವ ಕಾಲೇಜು ಎಂದರೆ ಅದೇ.

ಗುಮಾಸ್ತೆಯ ಕೆಲಸ ಮೊದಲು ಗಂಡಸರದೇ ಆಗಿತ್ತು. 1874ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ ಮಾರುಕಟ್ಟೆಗೆ ತಂದ ಟೈಪ್‌ರೈಟರಿನ ಮೈತುಂಬ ಹೂವಿನ ಚಿತ್ತಾರ, ಕೆಳಗೆ ಹೊಲಿಗೆ ಯಂತ್ರದ್ದೇ ಥರ ಕಾಲಲ್ಲಿ ತುಳಿಯುವ ಮಣೆ. ಆ ಕಂಪನಿ ಹೊಲಿಗೆ ಯಂತ್ರವನ್ನೂ ಮಾಡುತ್ತಿತ್ತಲ್ಲ! 1881ರಲ್ಲಿ ನ್ಯೂಯಾರ್ಕಿನ ವೈ.ಡಬ್ಲ್ಯೂ.ಸಿ.ಎ. ಎಂಟು ಹೆಣ್ಣುಮಕ್ಕಳಿಗೆ ಟೈಪಿಂಗ್ ತರಗತಿ ಶುರುಮಾಡಿತು. ಮುಂದೆ ಕಚೇರಿಗಳು ಹೆಂಗಸರಿಂದ ತುಂಬಿದವು. ಆಗ ಆ ಕೆಲಸ ಮಾಡುವವಳನ್ನೂ ‘ಟೈಪ್‌ರೈಟರ್’ ಎಂದೇ ಕರೆಯುತ್ತಿದ್ದರಂತೆ. ಯಂತ್ರಕ್ಕೂ ಹೆಣ್ಣಿಗೂ ಒಂದೇ ಹೆಸರು. ನಗಬೇಕೋ ಅಳಬೇಕೋ ನೀವೇ ಹೇಳಿ.

ನಮ್ಮ ದೇಶದ್ದೇ ಯಂತ್ರ ಬಂದದ್ದು 1955ರಲ್ಲಿ, ಗೋದ್ರೆಜ್ ಕಂಪನಿಯದು. ಕನ್ನಡಕ್ಕೆ ಕೆ. ಅನಂತಸುಬ್ಬರಾಯರು ಕೀಲಿಮಣೆ ರೂಪಿಸಿದರು. ಇಂಗ್ಲಿಷಿನಲ್ಲಿ ಒಂದು ಕೀಲಿ ಒತ್ತಿದರೆ ಒಂದು ಅಕ್ಷರ, ಮುಗಿಯಿತು. ನಮ್ಮ ಅಕ್ಷರಕ್ಕೆ ಗುಣಿತ ಬೇಕು, ಕೆಳಗೆ ಒತ್ತು ಬೀಳಬೇಕು. ಅಕ್ಷರವನ್ನು ತುಂಡು ತುಂಡಾಗಿ ಜೋಡಿಸಬೇಕು. 1963ರ ರಾಜ್ಯಭಾಷಾ ಕಾಯಿದೆಯ ನಂತರ ಕಚೇರಿಗಳಲ್ಲಿ ಕನ್ನಡ ಬಲ್ಲ ಬೆರಳಚ್ಚುಗಾರರು ಬೇಕಾದರು. ಅಕ್ಕ ಎರಡೂ ಕಲಿತಳು. ಜೊತೆಗೆ ಪಿಟ್‌ಮನ್ ಶೀಘ್ರಲಿಪಿ. 1837ರಷ್ಟು ಹಳೆಯ ವಿದ್ಯೆ ಅದು. ತೆಳು ಗೆರೆ ಎಳೆದರೆ ‘ಪ’, ಅದೇ ಗೆರೆ ದಪ್ಪವಾದರೆ ‘ಬ’. ಅಕ್ಕ ರೊಟ್ಟಿ ತಟ್ಟುವಾಗಲೂ ಹಿಟ್ಟಿನ ಮೇಲೆ ಬೆರಳಲ್ಲಿ ಆ ಗೆರೆಗಳನ್ನು ಎಳೆಯುತ್ತಿದ್ದಳು. ಅಮ್ಮ ಬೈದರೆ ಅಳಿಸಿ ತಟ್ಟುತ್ತಿದ್ದಳು.

ಪರೀಕ್ಷೆಯ ದಿನ ಯಂತ್ರಗಳನ್ನು ಗಾಡಿಗೆ ಹೇರಿ ಜಿಲ್ಲಾ ಕೇಂದ್ರಕ್ಕೆ ಒಯ್ಯುತ್ತಿದ್ದರು. ಒಂದೊಂದು ಯಂತ್ರದ ಕೀಲಿಗೂ ಒಂದೊಂದು ಹಟ, ರೂಢಿಯ ಯಂತ್ರವೇ ಬೇಕು. ಇಂಗ್ಲಿಷ್ ಸೀನಿಯರ್‌ಗೆ ನಿಮಿಷಕ್ಕೆ 45 ಪದ. ಅಕ್ಕ ಪಾಸಾದಳು, ಒಂದು ಕಚೇರಿಗೆ ಅರ್ಜಿ ಹಾಕಿದಳು. ಉತ್ತರ ಬರಲಿಲ್ಲ. 1976ರಲ್ಲಿ ಮದುವೆಯಾಗಿ ಹೋದಳು.

ಎರಡು ವರ್ಷದ ಮೇಲೆ ಅಮ್ಮ ಯಾವುದೋ ತಿಥಿ ನೋಡಲು ಹಳೆಯ ಪಂಚಾಂಗ ತರಹೇಳಿದಾಗ ಒಳಗಿಂದ ಒಂದು ಲಕೋಟೆ ಬಿತ್ತು. ಅಕ್ಕನ ಹೆಸರಿಗೆ ಬಂದ ನೇಮಕಾತಿ ಆರ್ಡರ್. ಮದುವೆಗೆ ಒಂದು ತಿಂಗಳ ಹಿಂದಿನ ತಾರೀಖು.

ಅಪ್ಪನ ಮುಂದೆ ಹಿಡಿದು ನಿಂತೆ. ಅಪ್ಪ ಓದಲಿಲ್ಲ, ಬೈಯಲಿಲ್ಲ. ಮಾರನೆಯ ದಿನ ಮೂರು ತಿಂಗಳ ಫೀಜು ಎಣಿಸಿ ನನ್ನ ಕೈಗಿಟ್ಟು, “ನೀನೂ ಸೇರ್ಕೋ. ಅವಳಿಗೆ ಹೇಳಬೇಡ” ಎಂದರು. ನಾನು ದುಡ್ಡು ತೆಗೆದುಕೊಂಡೆ. ಅದೇ ಮೆಟ್ಟಿಲು ಹತ್ತಿದೆ, ಅದೇ ಯಂತ್ರದಲ್ಲಿ ಕಲಿತೆ, ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದೆ. ಪ್ರತಿ ಯುಗಾದಿಗೂ ಅಕ್ಕನಿಗೆ ಸೀರೆ ಕೊಟ್ಟೆ, ಸುದ್ದಿ ಮಾತ್ರ ಕೊಡಲಿಲ್ಲ.

2011ರಲ್ಲಿ ಗೋದ್ರೆಜ್ ಟೈಪ್‌ರೈಟರ್ ತಯಾರಿಕೆ ನಿಂತಿತೆಂದು ಪತ್ರಿಕೆಯಲ್ಲಿ ಬಂತು. ಅಕ್ಕ ನಮ್ಮ ಮನೆಯಲ್ಲೇ ಇದ್ದಳು, ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು. ಅಪ್ಪ ಹೋಗಿ ಆಗಲೇ ಬಹಳ ವರ್ಷವಾಗಿತ್ತು. ಇನ್ನು ತಡೆಯಲಾರದೆ ಹೇಳಿಬಿಟ್ಟೆ.

ಅಕ್ಕ ಪತ್ರಿಕೆಯನ್ನು ಮಡಿಸಿದಳು. ಬಹಳ ಹೊತ್ತು ಬಿಟ್ಟು ಕೇಳಿದಳು:

“ಸಂಬಳ ಎಷ್ಟು ಅಂತ ಬರೆದಿತ್ತೇ?”