ದಾನದ ಎದೆಹಾಲು: ಯಾವ ಶಿಶುವಿಗೆ, ಯಾರಿಂದ, ಹೇಗೆ?

ಹೆರಿಗೆ ಆಸ್ಪತ್ರೆಗಳಿಗೆ ಭೇಟಿ ನೀಡುವ ಸ್ತ್ರೀ ಸಂಘಟನೆಯ ಸದಸ್ಯೆಯರು ಹಾಗೂ ಧರ್ಮಭಗಿನಿಯರು ನಮ್ಮನ್ನು ಆಗಾಗ ಕೇಳುವ ಪ್ರಶ್ನೆಯೊಂದಿದೆ. ದಿನ ತುಂಬುವ ಮೊದಲೇ ಹೆತ್ತ ತಾಯಿಗೆ ಹಾಲು ಬಾರದಿದ್ದಾಗ, ಅದೇ ವಾಳೆಯ ಇನ್ನೊಬ್ಬ ಬಾಣಂತಿಯಿಂದ ಹಾಲು ಪಡೆದು ಆ ಮಗುವಿಗೆ ಕೊಡಬಹುದೇ? ಕೇಳುವವರ ಮನಸ್ಸು ಒಳ್ಳೆಯದು. ಆದರೆ ನೇರವಾಗಿ ಮನೆಯಿಂದ ಮನೆಗೆ ಹಾಲು ಒಯ್ಯುವುದು ಬೇಡ ಎಂದೇ ನಾವು ಹೇಳಬೇಕಾಗಿದೆ. ಅದೇ ಹಾಲು ಹಾಲಿನ ಬ್ಯಾಂಕ್ ಮೂಲಕ ಬಂದರೆ ಒಂದು ಜೀವವನ್ನೇ ಉಳಿಸಬಲ್ಲದು.

ದಾನದ ಹಾಲು ಎಲ್ಲ ಶಿಶುಗಳಿಗೂ ಬೇಕಾದುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಕಡಿಮೆ ತೂಕದ ಶಿಶುವಿಗೆ ಮೊದಲ ಆಯ್ಕೆ ಹೆತ್ತ ತಾಯಿಯ ಹಾಲು. ಅದು ಸಿಗದಿದ್ದಾಗ ಸುರಕ್ಷಿತವಾದ ದಾನದ ಹಾಲು. ಅದೂ ಇಲ್ಲದಿದ್ದರೆ ಮಾತ್ರ ಡಬ್ಬಿಯ ಹಾಲು. ಇದರ ಲಾಭ ಹೆಚ್ಚಾಗಿ ಕಾಣುವುದು ಒಂದೂವರೆ ಕಿಲೋಗಿಂತ ಕಡಿಮೆ ತೂಕದ, ಅವಧಿಗೆ ಬಹಳ ಮುಂಚೆ ಹುಟ್ಟಿದ ಕಂದಮ್ಮಗಳಲ್ಲಿ. ಇವರ ಕರುಳು ಇನ್ನೂ ಬಲಿತಿರುವುದಿಲ್ಲ. ಡಬ್ಬಿಯ ಹಾಲು ಕುಡಿದಾಗ ಕರುಳಿನ ಒಳಪದರ ಊದಿಕೊಂಡು ಕೊಳೆಯುವ, ಎನ್‌ಇಸಿ ಎಂದು ವೈದ್ಯರು ಕರೆಯುವ ರೋಗ ಇವರಿಗೆ ತಗಲುವ ಸಾಧ್ಯತೆ, ದಾನದ ಹಾಲು ಕುಡಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಈ ರೋಗ ಬಂದ ಶಿಶುಗಳಲ್ಲಿ ಅನೇಕರು ಉಳಿಯುವುದಿಲ್ಲ. ಉಳಿದವರಲ್ಲಿ ಕೆಲವರು ಕರುಳಿನ ಭಾಗವನ್ನೇ ಕಳೆದುಕೊಂಡು ಬದುಕಬೇಕಾಗುತ್ತದೆ. 2020ರ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮುಂಚೆ ಹುಟ್ಟಿದರು.

ಬೇಕಾಗುವ ಪ್ರಮಾಣ ಕೇಳಿದರೆ ಆಶ್ಚರ್ಯವಾಗಬಹುದು. ಒಂದು ಕಿಲೋ ತೂಕದ ಮಗುವಿಗೆ ಮೊದಲ ದಿನಗಳಲ್ಲಿ ಒಂದು ಸಲಕ್ಕೆ ಕೊಡುವುದು ಒಂದೆರಡು ಮಿಲಿಲೀಟರ್ ಮಾತ್ರ. ಪೂರ್ಣ ಪ್ರಮಾಣಕ್ಕೆ ಬಂದ ಮೇಲೂ ಇಡೀ ದಿನಕ್ಕೆ ಸುಮಾರು 150 ಮಿಲಿಲೀಟರ್, ಅಂದರೆ ಒಂದು ಲೋಟಕ್ಕಿಂತಲೂ ಕಡಿಮೆ. ಹಾಲು ಹೆಚ್ಚಾಗಿ ಎದೆ ಬಿಗಿದು ನೋಯುವ ತಾಯಿಯೊಬ್ಬಳು ಹಿಂಡಿ ಚೆಲ್ಲುವ ಹಾಲು ಇಂತಹ ಹಲವು ಮಕ್ಕಳ ಒಂದು ಹೊತ್ತಿನ ಆಹಾರವಾಗಬಲ್ಲದು.

ಹಾಗಾದರೆ ನೆರೆಮನೆಯ ಹಾಲಿಗೆ ತಡೆ ಏಕೆ? ಹಿಂದೆ ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಚಿಕ್ಕಮ್ಮನೋ ದೊಡ್ಡಮ್ಮನೋ ಹಾಲುಣಿಸಿ ಸಾಕಿದ್ದುಂಟಲ್ಲ ಎಂದು ಹಿರಿಯರು ಕೇಳುತ್ತಾರೆ. ಉಂಟು, ಅಲ್ಲವೆನ್ನುವುದಿಲ್ಲ. ಆದರೆ ಎಚ್‌ಐವಿಯಂತಹ ಸೋಂಕು ಎದೆಹಾಲಿನ ಮೂಲಕ ಹರಡಬಲ್ಲದು. ತಾಯಿ ಸೇವಿಸುವ ಕೆಲವು ಔಷಧಿಗಳೂ ಹಾಲಿಗೆ ಇಳಿಯುತ್ತವೆ. ಸರಿಯಾಗಿ ತೊಳೆಯದ ಬಾಟಲಿಯೊಂದೇ ಸಾಕು, ತೀವ್ರ ನಿಗಾ ಘಟಕದ ಮಗುವಿಗೆ ರೋಗ ತರಲು. 1980ರ ದಶಕದಲ್ಲಿ ಎಚ್‌ಐವಿ ಭೀತಿಯಿಂದ ಹಲವು ದೇಶಗಳಲ್ಲಿ ಹಾಲಿನ ಬ್ಯಾಂಕ್‌ಗಳೇ ಮುಚ್ಚಿಹೋದವು. ಮತ್ತೆ ತೆರೆದದ್ದು ಕಟ್ಟುನಿಟ್ಟಿನ ತಪಾಸಣೆಯ ನಂತರವೇ.

ಬ್ಯಾಂಕ್‌ನಲ್ಲಿ ನಡೆಯುವ ಕ್ರಮ ಹೀಗಿದೆ. ತನ್ನ ಮಗುವಿಗೆ ಉಣಿಸಿ ಮಿಕ್ಕಷ್ಟು ಹಾಲಿರುವ ಆರೋಗ್ಯವಂತ ತಾಯಿಯೇ ದಾನಿ. ತಂಬಾಕು, ಮದ್ಯ ಬಳಸುವವರಿಂದ ಪಡೆಯುವುದಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಮುಂತಾದವುಗಳಿಗೆ ರಕ್ತಪರೀಕ್ಷೆ ಆಗುತ್ತದೆ. ಒಟ್ಟುಗೂಡಿದ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಇರಿಸಿ, ಕೂಡಲೇ ತಣಿಸಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಕ್ರಿಮಿ ಕಂಡರೆ ಆ ಹಾಲನ್ನು ಎಸೆಯುತ್ತಾರೆ. ಶುದ್ಧವಾದುದನ್ನು ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ ತಿಂಗಳುಗಟ್ಟಲೆ ಇಡಬಹುದು. ಇಷ್ಟು ಶಾಖದಲ್ಲಿ ರೋಗಾಣು ಸಾಯುವುದರ ಜೊತೆಗೆ ಹಾಲಿನ ಜೀವಕೋಶಗಳೂ ಕೆಲವು ರಕ್ಷಕ ಅಂಶಗಳೂ ನಾಶವಾಗುತ್ತವೆ. ಆದುದರಿಂದಲೇ ದಾನದ ಹಾಲು ಹೆತ್ತವಳ ಹಾಲಿಗೆ ಸಮವಲ್ಲ, ಅವಳ ಹಾಲು ಬರುವವರೆಗಿನ ಸೇತುವೆ ಅಷ್ಟೇ.

ನಮ್ಮ ದೇಶದಲ್ಲಿ ಈ ಕೆಲಸ ಆರಂಭವಾದುದು ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ, 1989ರ ನವೆಂಬರ್‌ನಲ್ಲಿ. ಏಷ್ಯಾದ ಮೊದಲ ಹಾಲಿನ ಬ್ಯಾಂಕ್ ಎಂದು ಹೆಸರಾದ ಇದನ್ನು ಸ್ಥಾಪಿಸಿದವರು ನವಜಾತ ಶಿಶುತಜ್ಞೆ ಡಾ. ಆರ್ಮಿಡಾ ಫೆರ್ನಾಂಡಿಸ್. ಧಾರಾವಿಯ ಬಡ ತಾಯಂದಿರು ಬರುವ ನಗರಸಭೆಯ ಆಸ್ಪತ್ರೆಯದು. ಶಿಶುಗಳು ಸೋಂಕಿನಿಂದ ಸಾಯುವುದನ್ನು ಕಂಡ ಅವರು ಬಾಟಲಿ ಹಾಲನ್ನು ದೂರಮಾಡಿ, ತಾಯಂದಿರನ್ನೇ ಶಿಶುಗಳ ಆರೈಕೆಗೆ ಒಳಗೆ ಕರೆದುಕೊಂಡರು. ಬ್ಯಾಂಕ್ ಬಂದುದು ಇದಾದ ಮೇಲೆ. ಈ ಅನುಕ್ರಮವನ್ನು ನಾವು ಮುಖ್ಯವೆಂದು ಭಾವಿಸುತ್ತೇವೆ. ತಾಯಿಯನ್ನು ಮಗುವಿನಿಂದ ದೂರವಿಟ್ಟು ಬ್ಯಾಂಕ್ ತೆರೆದರೆ ಏನು ಬಂತು?

ಕರ್ನಾಟಕದಲ್ಲಿ 2022ರಲ್ಲಿ ಬೆಂಗಳೂರಿನ ವಾಣಿ ವಿಲಾಸ ಸರಕಾರಿ ಆಸ್ಪತ್ರೆಯಲ್ಲಿ 'ಅಮೃತಧಾರೆ' ಎಂಬ ಬ್ಯಾಂಕ್ ಆರಂಭವಾಯಿತು. ಅದೇ ವರ್ಷ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲೂ ರೋಟರಿಯ ನೆರವಿನಿಂದ ಹಾಲಿನ ಬ್ಯಾಂಕ್ ಆಯಿತು.

ಹಣದ ವಿಷಯ. ದಾನಿಗೆ ಹಣ ಕೊಡುವಂತಿಲ್ಲ, 2017ರ ರಾಷ್ಟ್ರೀಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಎದೆಹಾಲನ್ನು ಸಂಸ್ಕರಿಸಿ ಮಾರಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದೆ. ಬಡ ತಾಯಿಯೊಬ್ಬಳು ತನ್ನ ಮಗುವಿನ ಪಾಲನ್ನು ಮಾರುವ ಸ್ಥಿತಿ ಬರಬಾರದಲ್ಲವೇ?

ಕರಾವಳಿಯಲ್ಲಿ ಕೆಲಸ ಮಾಡುವವರು ಇನ್ನೊಂದನ್ನು ತಿಳಿದಿರಬೇಕು. ನಮ್ಮ ಮುಸ್ಲಿಂ ಬಾಂಧವರಲ್ಲಿ ಒಬ್ಬ ತಾಯಿಯ ಹಾಲುಂಡ ಮಕ್ಕಳು ಒಡಹುಟ್ಟಿದವರಂತೆ. ಅವರ ನಡುವೆ ಮದುವೆ ಸಲ್ಲದು. ಬ್ಯಾಂಕ್‌ನಲ್ಲಿ ಹಲವರ ಹಾಲು ಬೆರೆಯುವುದರಿಂದ ಕೆಲವರು ಹಿಂಜರಿಯುತ್ತಾರೆ. ಢಾಕಾದಲ್ಲಿ 2019ರಲ್ಲಿ ಸಿದ್ಧವಾಗಿದ್ದ ಬ್ಯಾಂಕ್ ಇದೇ ಆಕ್ಷೇಪದಿಂದ ನಿಂತಿತು. ಅವರ ವಿದ್ವಾಂಸರಲ್ಲೇ ಭಿನ್ನ ಅಭಿಪ್ರಾಯಗಳಿವೆ. ನಮ್ಮ ಧರ್ಮಸಭೆಯ ಕಾನೂನಿನಲ್ಲಿ ಹಾಲಿನ ಸಂಬಂಧ ಮದುವೆಗೆ ಅಡ್ಡಿಯಲ್ಲ. ಆದರೆ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಕುಟುಂಬದೊಡನೆ ವಾದಕ್ಕಿಳಿಯುವುದು ನಮ್ಮ ಕೆಲಸವಲ್ಲ. ಅವರ ಪ್ರಶ್ನೆಯನ್ನು ವೈದ್ಯರಿಗೆ ತಲುಪಿಸಿದರೆ ಸಾಕು.

ಭೇಟಿಗೆ ಹೋಗುವವರು ಮೊದಲು ಹೆತ್ತ ತಾಯಿಗೆ ಧೈರ್ಯ ತುಂಬಬೇಕು. ಹೆರಿಗೆಯಾದ ಮೊದಲ ಗಂಟೆಗಳಿಂದಲೇ, ಹನಿ ಬಂದರೂ ಬಾರದಿದ್ದರೂ, ದಿನಕ್ಕೆ ಎಂಟು ಸಲವಾದರೂ ಹಿಂಡುತ್ತಿದ್ದರೆ ಹೆಚ್ಚಿನವರಿಗೆ ಹಾಲು ಬರುತ್ತದೆ. ಮಗುವನ್ನು ಬರಿಯೆದೆಗೆ ಅಪ್ಪಿಕೊಳ್ಳುವ ಕಾಂಗರೂ ಆರೈಕೆಯೂ ಸಹಾಯಕ. ಹಳದಿ ಬಣ್ಣದ ಮೊದಲ ಹಾಲನ್ನು ಕೆಟ್ಟದ್ದೆಂದು ಚೆಲ್ಲುವ ಅಜ್ಜಿಯರು ಇನ್ನೂ ಇದ್ದಾರೆ. ಅವರಿಗೆ ಮೃದುವಾಗಿ ತಿಳಿಹೇಳಿ. 'ನಿನಗೆ ಹಾಲಿಲ್ಲವೇ' ಎಂದು ಮಾತ್ರ ಕೇಳಬೇಡಿ.

ಮಗುವನ್ನು ಕಳೆದುಕೊಂಡ ತಾಯಿಯ ಎದೆಯಲ್ಲೂ ಹಾಲು ಬರುತ್ತದೆ, ಇದನ್ನು ಅವಳಿಗೆ ಯಾರೂ ಮುಂಚಿತವಾಗಿ ಹೇಳಿರುವುದಿಲ್ಲ. ಕೆಲವರು ಆ ಹಾಲನ್ನು ಇನ್ನೊಂದು ಮಗುವಿಗೆ ಕೊಡಲು ತಾವೇ ಮುಂದಾಗುತ್ತಾರೆ, ಅದರಲ್ಲಿ ಸಾಂತ್ವನ ಕಾಣುತ್ತಾರೆ. ಕೆಲವರಿಗೆ ಅದರ ಮಾತೇ ಅಸಹನೀಯ. ಎರಡೂ ಸರಿಯೇ. ಆದುದರಿಂದ ದಾನದ ಮಾತನ್ನು ಸಂದರ್ಶಕರು ಎತ್ತಬಾರದು. ಅವಳಾಗಿ ಕೇಳಿದರೆ ವಾರ್ಡಿನ ದಾದಿಯನ್ನು ಕರೆಯಿರಿ.

ದಾನ ಮಾಡಬಯಸುವ ತಾಯಂದಿರು ಮೊದಲು ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಬೇಕು, ಏಕೆಂದರೆ ಮನೆಯಲ್ಲಿ ಹಿಂಡಿದ ಹಾಲನ್ನು ಎಲ್ಲ ಬ್ಯಾಂಕ್‌ಗಳೂ ಸ್ವೀಕರಿಸುವುದಿಲ್ಲ. ಬಸ್ಸಿನಲ್ಲಿ ಎರಡು ತಾಸು ಕೈಗೂಸಿನೊಡನೆ ಬರುವುದು ಬಾಣಂತಿಗೆ ಸುಲಭವಲ್ಲ. ವಾಳೆಯಲ್ಲಿ ಕಾರು ಇರುವವರು ಯಾರಾದರೂ ಅವಳನ್ನು ಕರೆದೊಯ್ದರೆ ದೊಡ್ಡ ಉಪಕಾರ.